ಪುರ ಬಿಟ್ಟ ಸೋಲಾಪುರ

ಹೋದ ವಾರ ಸೋಲಾಪುರದ ಬಸ್ ಸ್ಟ್ಯಾಂಡಿನಲ್ಲಿ ನಾನು ಒಬ್ಬಳೇ ನಿಂತು ನಕ್ಕುಬಿಟ್ಟೆ. ಒಬ್ಬಳೇ ನಗುವ ಹೆಂಗಸಿನ ಪಕ್ಕದಿಂದ ಮಂದಿ ಹೇಗೆ ಮೆಲ್ಲಗೆ ಸರಿದುಕೊಳ್ಳುತ್ತಾರೆ ಎಂಬುದು ನಿಮಗೂ ಗೊತ್ತು. ಆದರೆ ನಾನೇನು ಮಾಡಲಿ ಹೇಳಿ? ಎದುರಿಗೆ ಬಂದು ನಿಂತ ಬಸ್ಸಿನ ತಗಡಿನ ಬೋರ್ಡಿನಲ್ಲಿ ಬಣ್ಣ ಕಿತ್ತುಹೋಗಿ ‘ಸೋಲಾ’ ಮತ್ತು ‘ಇಂಡಿ’ ಎಂದಷ್ಟೇ ಉಳಿದಿತ್ತು. ಕಂಡಕ್ಟರು ಬಾಗಿಲಿಗೆ ಜೋತುಬಿದ್ದು "ಇಂಡಿ, ಇಂಡಿ, ಇಂಡಿ! ಝಳಕಿ, ಇಂಡಿ!" ಎಂದು ತಾಳಬದ್ಧವಾಗಿ ಕೂಗುತ್ತಿದ್ದರು. ನನ್ನ ಜಾಗದಲ್ಲಿ ಸಿಂಧು ಅತ್ತೆ ನಿಂತಿದ್ದರೆ ಅವಳೂ ನಗುತ್ತಿದ್ದಳು, ನನಗಿಂತ ಜೋರಾಗಿ.

ಸಿಂಧು ಅತ್ತೆ ಎಂದರೆ ನನ್ನ ಅಪ್ಪನ ತಂಗಿ. ಮದುವೆ ಮಾಡಿಕೊಳ್ಳಲಿಲ್ಲ, ಯಾಕೆ ಎಂದು ಕೇಳಿದವರಿಗೆ "ಬದಲಿ ಆರ್ಡರ್ ಬಂದಿತ್ತು, ಟೈಮ್ ಸಿಗಲಿಲ್ಲ" ಎನ್ನುತ್ತಿದ್ದಳು. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದ ಅವಳನ್ನು ಸರಕಾರ ಇಂಡಿಯಿಂದ ಸಿಂದಗಿಗೆ, ಸಿಂದಗಿಯಿಂದ ಮುದ್ದೇಬಿಹಾಳಕ್ಕೆ, ಅಲ್ಲಿಂದ ಬಸವನ ಬಾಗೇವಾಡಿಗೆ ಓಡಾಡಿಸಿ, ಕೊನೆಗೆ ಮತ್ತೆ ಇಂಡಿಗೇ ತಂದುಬಿಟ್ಟಿತು. ಹೋದಲ್ಲೆಲ್ಲ ಬಾಡಿಗೆ ಖೋಲಿ, ಒಂದು ಟ್ರಂಕು, ಒಂದು ರೇಡಿಯೋ. ಊರುಗಳನ್ನು ಅವಳು ನೆನಪಿಟ್ಟುಕೊಂಡದ್ದೂ ಹಾಡಿನಿಂದಲೇ. ಸಿಂದಗಿ ಎಂದರೆ ಪಕ್ಕದ ಮನೆಯವರು ಬೆಳಿಗ್ಗೆ ಹಾಡುತ್ತಿದ್ದ ಮೊಹರಮ್ಮಿನ ಪದ. ಮುದ್ದೇಬಿಹಾಳ ಎಂದರೆ ಶನಿವಾರದ ಭಜನೆ. ಬಾಗೇವಾಡಿ ಎಂದರೆ ಕರೆಂಟು ಹೋದಾಗ ಓಣಿಯ ಹೆಂಗಸರೆಲ್ಲ ಅವಳ ಸೆಲ್ಲಿನ ರೇಡಿಯೋ ಸುತ್ತ ಕೂತದ್ದು. ಹಾಡು ನಡೆಯುವಾಗ ಯಾರೂ ಮಾತಾಡಕೂಡದು. ಒಮ್ಮೆ ಹಾಡಿನ ನಡುವೆ ಹಾಲಿನ ಲೆಕ್ಕ ಕೇಳಿದ್ದಕ್ಕೆ ಅಪ್ಪನಿಗೇ ಬೈದಿದ್ದಳು. ಅಪ್ಪ ಅವಳಿಗಿಂತ ಎಂಟು ವರ್ಷ ದೊಡ್ಡವರು, ಮೇಲಾಗಿ ನಿವೃತ್ತ ತಹಶೀಲ್ದಾರರು.

ಇನ್ನು ನನ್ನ ವಿಷಯ. ಪುಣೆಯ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ಕೆಲಸ. ಡಾಕ್ಟರಲ್ಲ. ಡಾಕ್ಟರರ ಹತ್ತಿರ ಹೋಗುವ ಮೊದಲು ಕತ್ತಲೆ ಖೋಲಿಯಲ್ಲಿ ಕೂರಿಸಿ, ಮೂಗಿನ ಮೇಲೆ ಭಾರದ ಚೌಕಟ್ಟು ಇಟ್ಟು, ಗಾಜು ಬದಲಿಸುತ್ತ "ಇದು ಸ್ಪಷ್ಟವೋ, ಅದು ಸ್ಪಷ್ಟವೋ?" ಎಂದು ಪ್ರಾಣ ತಿನ್ನುವ ಹೆಂಗಸು ಇರುತ್ತಾಳಲ್ಲ, ಅವಳೇ ನಾನು. ಇಡೀ ದಿನ ನಾನಾಡುವ ಮಾತು ಅದೊಂದೇ. ಮಧ್ಯಾಹ್ನ ಡಬ್ಬಿ ಬಿಚ್ಚಿ ಕಿಟಕಿಯ ಕಡೆ ಮುಖ ಮಾಡಿ ಉಣ್ಣುತ್ತಿದ್ದೆ. ಕೆಲಸಕ್ಕೆ ಹೋಗುವಾಗ, ಬರುವಾಗ ಕಿವಿಯಲ್ಲಿ ಹಾಡು. ಯಾವ ಹಾಡು ಎಂದು ಯಾರೂ ಕೇಳುತ್ತಿರಲಿಲ್ಲ. ಕೇಳಿದ್ದರೆ ಗಾಬರಿಯಾಗುತ್ತಿತ್ತು.

ಸಿಂಧು ಅತ್ತೆ ಕಣ್ಣಿನ ಪೊರೆಯ ಆಪರೇಶನ್ನಿಗೆಂದು ನನ್ನ ಹತ್ತಿರ ಬಂದಳು. ನನಗಾದ ಖುಷಿ ಅಷ್ಟಿಷ್ಟಲ್ಲ. ಸಂಜೆ ಬಾಗಿಲು ತೆರೆಯುವವರೊಬ್ಬರು, ಒಗ್ಗರಣೆಯ ವಾಸನೆ, "ಬಂದ್ಯಾ ಪೋರಿ" ಎನ್ನುವ ದನಿ. ಆಪರೇಶನ್ ಆದಮೇಲೆ ಇಲ್ಲೇ ಇದ್ದುಬಿಡು ಎಂದೆ. ಅವಳು ಹ್ಞೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. "ದೀಪಾವಳಿ ತನಕ ನೋಡೂಣು" ಎಂದಳು. ಅವಳಿಗೆ ಇಲ್ಲಿ ಬೇಸರ ಎಂಬುದು ನನಗೆ ಗೊತ್ತಿತ್ತು. ಮರಾಠಿ ಬಾರದೆ ಅಲ್ಲ, ನಮ್ಮ ಕಡೆ ಅರ್ಧ ಮನೆಗಳಲ್ಲಿ ಮರಾಠಿಯೇ. ಆದರೆ ನಮ್ಮ ಮರಾಠಿ ಕೇಳಿದರೆ ಪುಣೆಯವರು ತುಟಿಯಂಚಿನಲ್ಲಿ ನಗುತ್ತಾರೆ. "ನಮ್ಮ ಕನ್ನಡಕ್ಕ ಬೆಂಗಳೂರವರು ನಗ್ತಾರ, ನಮ್ಮ ಮರಾಠಿಗೆ ಇವರು. ನಾವು ಬಾಯಿ ಬಿಟ್ಟರ ಸಾಕು, ಎರಡು ರಾಜ್ಯಕ್ಕ ಮನರಂಜನಿ ಆಗ್ತದ" ಎನ್ನುತ್ತಿದ್ದಳು ಅತ್ತೆ. ಹೇಗಾದರೂ ಮಾಡಿ ಅವಳನ್ನು ಇಲ್ಲಿ ಹಿಡಿದಿಡಬೇಕು ಎಂಬುದೊಂದೇ ಆಗ ನನ್ನ ತಲೆಯಲ್ಲಿ.

ಆಪರೇಶನ್ ಆಗಿ ಪಟ್ಟಿ ಬಿಚ್ಚಿದ ದಿನ ಅವಳನ್ನು ಮನೆಗೆ ಕರೆತಂದೆ. ಹೊಸ ಕಣ್ಣಿನ ಹುಮ್ಮಸ್ಸಿನಲ್ಲಿ ದಾರಿಯುದ್ದಕ್ಕೂ ಅಂಗಡಿಯ ಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದುತ್ತ ಬಂದವಳು, ನಮ್ಮ ಬಿಲ್ಡಿಂಗಿನ ಲಿಫ್ಟಿನಲ್ಲಿ ಅಂಟಿಸಿದ್ದ ಇಂಗ್ಲಿಷ್ ಚೀಟಿಯ ಮುಂದೆ ಥಟ್ಟನೆ ನಿಂತಳು.

"ಪೋರಿ! ಇಂಡಿ ಅಂಡ್ ಸೋಲ್!"

"ಏನು ಅತ್ತಿ?"

"ಇಂಡಿ ಮತ್ತ ಸೋಲಾಪುರದ ಮಂದೀದು ಸಂಘ ಐತಿ ಇಲ್ಲೆ! ಚೀಟ್ಯಾಗ ಜಾಗ ಸಾಲ್ಲಿಲ್ಲ, ‘ಪುರ’ ಬಿಟ್ಟಾರ ನೋಡು. ರವಿವಾರ ಸಂಜಿ ಆರಕ್ಕ, ಗಚ್ಚಿ ಮ್ಯಾಲೆ. ಎಲ್ಲಾರೂ ಬರ್ರಿ, ಹಂಚಾಕ ಏನರೆ ತರ್ರಿ ಅಂತ ಬರದಾರ."

ನಾನೂ ಬಗ್ಗಿ ಓದಿದೆ. ನಿಜ ಹೇಳಬೇಕೆಂದರೆ ನನಗೂ ಹಾಗೆಯೇ ಕಂಡಿತು. ದಿನವಿಡೀ ಮಂದಿಯಿಂದ ಕೊನೆಯ ಸಾಲಿನ ಇರುವೆಯಂಥ ಅಕ್ಷರಗಳನ್ನು ಓದಿಸುವವಳಿಗೆ, ಇಂಡಿಯ ಬಾಲಕ್ಕೆ ಅಂಟಿಕೊಂಡಿದ್ದ ದಪ್ಪನೆಯ ಇಂಗ್ಲಿಷ್ ‘ಇ’ ಕಾಣಲಿಲ್ಲ. ಊರಿನ ಹೆಸರು ಕಂಡ ಮೇಲೆ ಯಾರು ಅಕ್ಷರ ಎಣಿಸುತ್ತ ಕೂಡುತ್ತಾರೆ? ಅತ್ತೆ ಅವತ್ತೇ ಶೇಂಗಾ ಹುರಿಯಲು ಶುರು ಮಾಡಿದಳು. ರವಿವಾರದ ಹೊತ್ತಿಗೆ ದೊಡ್ಡ ಡಬ್ಬಿಯ ತುಂಬ ಶೇಂಗಾ ಹೋಳಿಗೆ. ಇಳಕಲ್ ಸೀರೆ ಉಟ್ಟು, "ನಮ್ಮೂರ ದೇಸಾಯರ ಮನಿಯವ್ರು ಯಾರರೆ ಇರಬೇಕು" ಎನ್ನುತ್ತ ನನ್ನನ್ನೂ ಎಳೆದುಕೊಂಡು ಬಿಲ್ಡಿಂಗಿನ ತುದಿಯ ಗಚ್ಚಿ ಹತ್ತಿದಳು.

ಅಲ್ಲಿ ದೇಸಾಯರ ಮನೆಯವರು ಯಾರೂ ಇರಲಿಲ್ಲ. ಚಾಪೆ ಹಾಸಿಕೊಂಡು ಏಳೆಂಟು ಹುಡುಗ ಹುಡುಗಿಯರು ಒಂದು ಸ್ಪೀಕರಿನ ಸುತ್ತ ಕೂತಿದ್ದರು. ನಾಲ್ಕನೆಯ ಮಹಡಿಯ ಮೃಣಾಲ್ ಎದ್ದು ಬಂದಳು. ಈ ಕೂಟ ಅವಳದೇ. ಮನೆಗಳ ನಕ್ಷೆ ಬರೆಯುವ ಕೆಲಸ, ಕತ್ತರಿಸಿದ ಕೂದಲು, ಮೂಗಿಗೆ ಬಳೆಯಷ್ಟು ದೊಡ್ಡ ಉಂಗುರ. ನೀವೂ ಇಂಡೀನಾ ಎಂದು ಮರಾಠಿಯಲ್ಲಿ ಕೇಳಿದಳು.

"ಮೂಳಚೇ ಇಂಡೀಚೇ!" ಎಂದಳು ಅತ್ತೆ ಎದೆಯುಬ್ಬಿಸಿ. ಮೂಲದಿಂದಲೂ ಇಂಡಿಯವರೇ ನಾವು.

ಚಾಪೆಯ ಮೇಲಿನವರೆಲ್ಲ ಕತ್ತೆತ್ತಿ ನೋಡಿದರು. ಯಾವಾಗಿನಿಂದ ಎಂದು ಒಬ್ಬ ಕೇಳಿದ. ಅಜ್ಜನ ಕಾಲದಿಂದ ಎಂದಳು ಅತ್ತೆ. ಅವರ ಮುಖದ ಮೇಲೆ ಮೂಡಿದ ಭಕ್ತಿಯನ್ನು ನೀವು ನೋಡಬೇಕಿತ್ತು. ಅಷ್ಟರಲ್ಲಿ ಯಾರೋ ಸ್ಪೀಕರ್ ಹಚ್ಚಿದರು. ಹೆಂಗಸಿನ ದನಿ, ಇಂಗ್ಲಿಷ್ ಹಾಡು. ಆಗ ನನಗೆ ಎಲ್ಲ ಹೊಳೆಯಿತು. ನಾನು ಒಬ್ಬಳೇ ಕಿವಿಗೆ ಹಚ್ಚಿಕೊಂಡು ಕೇಳುತ್ತಿದ್ದ ಹಾಡುಗಳ ಜಾತಿಯೇ ಇದು! ಹೆಸರು ಗೊತ್ತಿದ್ದೂ ನನಗೆ ಹೊಳೆದಿರಲಿಲ್ಲ. "ಅತ್ತಿ, ಏಳು, ಇವರು ನಮ್ಮ ಮಂದಿ ಅಲ್ಲ" ಎಂದು ಪಿಸುಗುಟ್ಟಿದೆ. ಅತ್ತೆ ಕಣ್ಣು ಮುಚ್ಚಿಕೊಂಡೇ ಕೈ ಎತ್ತಿದಳು.

"ಹಾಡು ಮುಗೀಲಿ."

ಹಾಡು ಮುಗಿದ ಮೇಲೆ ನಾನೇ ತೊದಲುತ್ತ ವಿಷಯ ಬಿಚ್ಚಿ ಹೇಳಿದೆ. ಆ ಮಂದಿ ನಕ್ಕರು ನೋಡಿ, ಒಬ್ಬನಂತೂ ಚಾಪೆಯ ಮೇಲೆ ಉರುಳಿದ. ಅತ್ತೆಯೂ ನಕ್ಕಳು. ಆಮೇಲೆ ಮೇಷ್ಟ್ರ ಗತ್ತಿನಲ್ಲಿ, ಹಾಗಾದರೆ ನಿಮ್ಮ ಇಂಡಿ ಎಂದರೆ ಏನು ಎಂದು ಕೇಳಿದಳು. ದೊಡ್ಡ ಕಂಪನಿಗಳ ಹಂಗಿಲ್ಲದೆ ತಮ್ಮ ಹಾಡನ್ನು ತಾವೇ ಕಟ್ಟಿ ಹಾಡುವವರು ಎಂದು ಮೃಣಾಲ್ ವಿವರಿಸಿದಳು. ಸೋಲ್ ಎನ್ನುವುದೂ ಒಂದು ಬಗೆಯ ಹಾಡು, ಆ ಮಾತಿಗೆ ಅರ್ಥ ಆತ್ಮ ಎಂದಳು.

"ಆತ್ಮ ಇರಲಿ ಬಿಡು" ಎಂದು ಅತ್ತೆ ನನ್ನ ಕಡೆ ತಿರುಗಿದಳು. "ನಮ್ಮ ಮಾತಿನಾಗ ಸೋಲು ಅಂದರ ಬ್ಯಾರೆ ಐತೆಲ್ಲ. ಈಗ ಹಾಡಿದಾಕಿ ಯಾರ ಮುಂದೋ ಸೋತು ಕುಂತಾಳ, ಖರೆ ಸೋತೇನಿ ಅನ್ನಾಕ ಆಕೀಗೆ ನಾಚಿಕಿಲ್ಲ. ಹೇಳು ಇವ್ರಿಗೆ." ನಾನು ಮರಾಠಿಯಲ್ಲಿ ಹೇಳಿದೆ. ಯಾರೂ ನಗಲಿಲ್ಲ. ಹೋಳಿಗೆಯ ಡಬ್ಬಿ ಮಾತ್ರ ಒಂದೇ ಸುತ್ತಿಗೆ ಖಾಲಿಯಾಯಿತು. ಹಂಚಲು ತರಬೇಕಾಗಿದ್ದದ್ದು ತಿಂಡಿಯಲ್ಲ, ತಲಾ ಒಂದು ಹಾಡು ಎಂಬುದು ಆಮೇಲೆ ತಿಳಿಯಿತು.

ಅಲ್ಲಿಂದ ಪ್ರತಿ ರವಿವಾರ ಗಚ್ಚಿ. ನನ್ನ ಲೆಕ್ಕಾಚಾರ ಸುಲಭವಾಗಿತ್ತು: ಅತ್ತೆಗೆ ಕೂಡಲು ಮಂದಿ ಸಿಕ್ಕರು, ಇನ್ನು ಅವಳು ಎಲ್ಲಿಗೂ ಹೋಗುವುದಿಲ್ಲ. ಹೊಟ್ಟೆನೋವು, ಮಳೆ, ಸುಸ್ತು ಯಾವ ನೆಪಕ್ಕೂ ಬಗ್ಗದೆ ಅವಳನ್ನು ಮೇಲೆ ಹತ್ತಿಸುತ್ತಿದ್ದೆ. ಅಲ್ಲಿಯ ಪದ್ಧತಿ ಇಷ್ಟೇ, ಒಬ್ಬೊಬ್ಬರು ತಮ್ಮ ಹಾಡು ಹಾಕಿ, ಅದು ತಮಗೆ ಯಾಕೆ ಬೇಕು ಎಂದು ಎರಡು ಮಾತು ಹೇಳಬೇಕು. ಅತ್ತೆಯ ಸರದಿ ಬಂದಾಗ ಸ್ಪೀಕರ್ ಬಂದ್ ಮಾಡಿಸಿ, ತನ್ನ ಅಜ್ಜಿ ಬೀಸುವ ಕಲ್ಲಿನ ಮುಂದೆ ಹಾಡುತ್ತಿದ್ದ ಪದವನ್ನು ತಾನೇ ಹಾಡಿದಳು. "ಕಂಪನಿ ಇಲ್ಲ, ರೆಕಾರ್ಡ್ ಇಲ್ಲ, ಬರೆದಾಕಿ ಹೆಸರೂ ಇಲ್ಲ. ಇದಕಿಂತ ಇಂಡಿ ಯಾವುದು ಐತಿ, ತೋರಸ್ರಿ" ಎಂದಳು. ಮೃಣಾಲ್ ಎರಡೂ ಕೈ ಜೋಡಿಸಿ ನಮಸ್ಕಾರ ಹಾಕಿದಳು. ಅವರೆಲ್ಲರಿಗೂ ಅವಳು ಆಗಲೇ ‘ಆತ್ಯಾ’, ಮರಾಠಿಯ ಅತ್ತೆ, ಆಗಿದ್ದಳು.

ನನ್ನ ಸರದಿ ಬಂದಾಗಲೆಲ್ಲ ನಾನು "ಮುಂದಿನ ವಾರ" ಎನ್ನುತ್ತಿದ್ದೆ. ಹಾಡು ಇರಲಿಲ್ಲವೆಂದಲ್ಲ. ಕಿವಿಯೊಳಗಿನ ಹಾಡನ್ನು ನಾಲ್ಕು ಜನರ ಮುಂದೆ ಹಾಕುವುದೆಂದರೆ ನನಗೆ ಕಪಾಟು ತೆರೆದು ತೋರಿಸಿದಷ್ಟು ಸಂಕೋಚ. ಅಂತೂ ದೀಪಾವಳಿ ಹತ್ತಿರ ಬಂದಿದ್ದಾಗ, ಒಂದು ರವಿವಾರ, ಅತ್ತೆ ಮೊಣಕೈಯಿಂದ ತಿವಿದಳು. ಫೋನು ಕೊಟ್ಟುಬಿಟ್ಟೆ. ಗಂಡಸಿನ ದಪ್ಪ ದನಿ, ಹಿಂದೆ ಒಂದೇ ಗಿಟಾರು. ಮುಗಿದಾಗ ನೆಲ ನೋಡುತ್ತ, ಇದನ್ನು ಬಸ್ಸಿನಲ್ಲಿ ಕೇಳುತ್ತೇನೆ, ಈತ ಹಾಡುವಾಗ ಮನೆಗೆ ಬಂದು ನಾನೇ ಬೀಗ ತೆಗೆಯಬೇಕು ಎಂಬುದು ಮರೆತುಹೋಗುತ್ತದೆ ಎಂದೆ. ಹಾಗೆ ಹೇಳಬೇಕೆಂದು ಇರಲಿಲ್ಲ, ಬಾಯಿಗೆ ಬಂದುಬಿಟ್ಟಿತು. ಯಾರೋ ಇನ್ನೊಮ್ಮೆ ಹಾಕು ಎಂದರು. ಎರಡನೆಯ ಸಲ ಎಲ್ಲರೂ ದನಿಗೂಡಿಸಿದರು. ಮೃಣಾಲ್ ನನ್ನ ಪಕ್ಕಕ್ಕೆ ಸರಿದು ಕೂತಳು. ಹಾಡು ನಡೆಯುವಾಗ ಕಣ್ಣು ಮುಚ್ಚಿಯೇ ಇರುತ್ತಿದ್ದ ಅತ್ತೆ ಅವತ್ತು ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು.

ಮರುದಿನ ಬೆಳಿಗ್ಗೆ ಚಹಾ ಸೋಸುತ್ತ, "ದೀಪಾವಳಿ ಮುಗೀತಿದ್ದಂಗ ಇಂಡಿಗೆ ಟಿಕೇಟ್ ತಗಸು" ಎಂದಳು.

ನನಗೆ ಸಿಟ್ಟು ಬಂತು. ಅಳುವೂ ಬಂತು. "ಯಾಕ? ಇಲ್ಲೆ ಮಂದಿ ಸಿಕ್ಕಾರಲ್ಲ ನಿನಗ!"

"ನನಗ ಮಂದೀಗೇನ ಬರ ಐತಿ? ನಾಕು ಊರಾಗ ಸಿಕ್ಕಾರ, ಐದನೇದು ಈ ಪುಣೇದಾಗೂ ಸಿಕ್ಕರು." ಕಪ್ಪಿನ ಕೆಳಗಿನ ಬಸಿಯಲ್ಲಿ ನನ್ನ ಚಹಾ ಸುರಿದು ಮುಂದೆ ತಳ್ಳಿದಳು. "ಕಣ್ಣಿನ ಆಪರೇಶನ್ ಬಿಜಾಪುರದಾಗ ಆಗ್ತಿದ್ದಿಲ್ಲೇನು? ಫೋನಿನಾಗ ನಿನ್ನ ದನಿ ಕೇಳಿ ಬಂದೆ ನಾನು. ನಿನಗ ಯಾರರೆ ಸಿಗೂತನಕ ಕುಂತಿದ್ದೆ. ನಿನ್ನೆ ಸಿಕ್ಕರು."

ಬಸಿಯ ಚಹಾ ಆರಿ ತಣ್ಣಗಾಯಿತು. ಅವಳನ್ನು ಹಿಡಿದಿಡಲು ನಾನು ವಾರ ವಾರ ಗಚ್ಚಿ ಹತ್ತಿಸಿದ್ದೆ. ನನ್ನನ್ನು ಬಿಟ್ಟು ಹೋಗಬಹುದೋ ಇಲ್ಲವೋ ಎಂದು ನೋಡಲು ಅವಳು ಹತ್ತಿದ್ದಳು. ಲೆಕ್ಕದ ಮೇಷ್ಟ್ರ ಮುಂದೆ ಲೆಕ್ಕ ಹಾಕಲು ಹೋದರೆ ಹೀಗೇ ಆಗುವುದು. ಅವಳು ಹೋದ ಮೇಲಿನ ರವಿವಾರ ನಾನು ಮುಸುಕು ಹೊದ್ದು ಮಲಗಿದ್ದೆ. ಸಂಜೆ ಆರಕ್ಕೆ ಯಾರೋ ಬಾಗಿಲ ಗಂಟೆ ಒತ್ತಿದರು. ಬಾಗಿಲಲ್ಲಿ ಮೃಣಾಲ್ ಮತ್ತು ಅವಳ ದಂಡು. ಕೂಡಿ ಪಾಠ ಮಾಡಿಕೊಂಡು ಬಂದಿದ್ದ ಒಂದೇ ಒಂದು ಕನ್ನಡ ಮಾತನ್ನು ಒದರಿದರು: "ನಡೀರಿ ಮ್ಯಾಲೆ!" ಯಾರು ಕಲಿಸಿದ್ದೆಂದು ಕೇಳುವ ಅಗತ್ಯ ಇರಲಿಲ್ಲ.

ಹೋದ ವಾರ ಅತ್ತೆಯನ್ನು ನೋಡಲು ಹೊರಟು ಸೋಲಾಪುರದಲ್ಲಿ ಆ ಬಸ್ಸು ಹತ್ತಿ ಕೂತೆ. ಪಕ್ಕಕ್ಕೆ ಒಬ್ಬ ಹುಡುಗಿ ಬಂದು ಕೂತಳು, ಕಿವಿಗೆ ಹಾಡು ಹಚ್ಚಿಕೊಂಡು, ಕಿಟಕಿಯಾಚೆ ಮುಖ ಮಾಡಿ. ಹಿಂದಿನ ನಾನಾಗಿದ್ದರೆ ಸುಮ್ಮನಿರುತ್ತಿದ್ದೆ. ಈಗ ಊರು ದಾಟುವುದರೊಳಗೆ ಕೇಳಿಯೇಬಿಟ್ಟೆ, "ಏನು ಕೇಳಾಕತ್ತೀಯವಾ?" ಅವಳು ನನ್ನನ್ನು ಒಂದು ಗಳಿಗೆ ತೂಗಿ ನೋಡಿ, ಒಂದು ಕಿವಿಯದು ತೆಗೆದು ನನಗೆ ಕೊಟ್ಟಳು. ಸೋಲಾಪುರದಲ್ಲಿ ನರ್ಸಿಂಗ್ ಓದುತ್ತಾಳೆ, ಹಾಸ್ಟೆಲಿನಲ್ಲಿ ಅವಳ ಹಾಡು ಯಾರಿಗೂ ಸೇರುವುದಿಲ್ಲವಂತೆ. ಝಳಕಿಯಲ್ಲಿ ಬಸ್ಸು ಚಹಾಕ್ಕೆ ನಿಂತಾಗಲೂ ನಾವು ಇಳಿಯಲಿಲ್ಲ, ಹಾಡು ಮುಗಿದಿರಲಿಲ್ಲ.

ಇಂಡಿಯ ಸ್ಟ್ಯಾಂಡಿನಲ್ಲಿ ಅತ್ತೆ ಛತ್ರಿ ಹಿಡಿದು ನಿಂತಿದ್ದಳು. ಹುಡುಗಿಯ ಹಳ್ಳಿಯ ಬಸ್ಸಿಗೆ ಇನ್ನೂ ಹೊತ್ತಿತ್ತು; ಅವಳು ನನ್ನ ಜೊತೆಗೇ ಇಳಿದು, ಚೀಲ ಹಿಡಿದು, ನನ್ನ ಪಕ್ಕದಲ್ಲೇ ನಿಂತಳು. ಅತ್ತೆ ಅವಳನ್ನು ನೋಡಿದಳು, ನನ್ನನ್ನು ನೋಡಿದಳು.

"ಯಾರವಾ ಈಕಿ?"

"ಬಸ್ಸಿನಾಗ ಒಬ್ಬಾಕೀನ ಕುಂತಿದ್ಲು ಅತ್ತಿ" ಎಂದೆ. "ನಾ ಸಿಕ್ಕೆ."

ಅತ್ತೆ ಛತ್ರಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿ, ಮೂವರ ತಲೆಯ ಮೇಲೂ ಬರುವ ಹಾಗೆ ಹಿಡಿದಳು.