ಮನೆಗೊಂದು ಕಟೌಟ್

“ಕತ್ತಲೆ ಗಾಡೀಲಿ ಬಾಣಂತೀನ ಮಲಗಿಸ್ತೀರಾ ಅಕ್ಕ? ಸಂಜೆಗೆ ಲೈಟ್ ಉರೀದಿದ್ರೆ ತಾಯಿ ಮಗು ಇಬ್ಬರನ್ನೂ ಗೌರಿಬಿದನೂರಿಗೆ ಕರ್ಕೊಂಡು ಹೋಗ್ತೀನಿ.”

ಚಿಕ್ಕಬಳ್ಳಾಪುರದ ಆಸ್ಪತ್ರೆ ಮೆಟ್ಟಿಲ ಮೇಲೆ ನಿಂತು ನಮ್ಮ ಬೀಗಿತ್ತಿ, ಅಂದರೆ ಮಗಳ ಅತ್ತೆ, ಹೀಗೆಂದರು. ನನ್ನ ತೋಳಲ್ಲಿ ಮೊಮ್ಮಗಳು. ಆ ಮೂಗೇನು, ಆ ಬೆರಳೇನು. (ಎರಡೂ ನಮ್ಮ ಕಡೆಯವು.) ಬಿಟ್ಟುಕೊಡುತ್ತೇನೆಯೇ?

ನಮ್ಮ ಮನೆ ಎಂದರೆ ಒಂದು ಹಳೆಯ ಮಿಲಿಟರಿ ವ್ಯಾನು. ಯಜಮಾನರು ರೇಷ್ಮೆ ನೂಲು ತೆಗೆಯುವ ಚರಕ ರಿಪೇರಿ ಮಾಡುತ್ತಾರೆ. ಈ ವಾರ ಶಿಡ್ಲಘಟ್ಟ, ಮುಂದಿನ ವಾರ ಚಿಂತಾಮಣಿ. ಒಲೆ, ಹಾಸಿಗೆ, ದೇವರ ಪಟ, ಬಲ್ಬು ಎಲ್ಲವೂ ಗಾಡಿಯೊಳಗೇ.

ಆದರೆ ಬಲ್ಬು ಉರಿಯುತ್ತಿರಲಿಲ್ಲ. ಡೈನಮೋಗೂ ಬ್ಯಾಟರಿಗೂ ನಡುವೆ ಇರುವ ಕಟೌಟ್ ಸುಟ್ಟುಹೋಗಿತ್ತು. ಎಂಜಿನ್ ಓಡುವಾಗ ಕರೆಂಟನ್ನು ಬ್ಯಾಟರಿಗೆ ಬಿಡುವುದು, ನಿಂತಾಗ ವಾಪಸ್ ಹರಿಯದಂತೆ ತಡೆಯುವುದು. ಅದರ ಕೆಲಸ ಇಷ್ಟೇ.

ಯಜಮಾನರು ಆಸ್ಪತ್ರೆ ಮುಂದೆಯೇ ಗಾಡಿ ಕೆಳಗೆ ಮಲಗಿ ಅದನ್ನು ಬಿಚ್ಚುತ್ತಿದ್ದರು. ನಾನೇ ಅಂಗಡಿಗೆ ಓಡಿದೆ.

“ಮನೆಗೊಂದು ಕಟೌಟ್ ಕೊಡಪ್ಪ” ಎಂದೆ. ಕೊಟ್ಟ. ತಂದೆ.

ಯಜಮಾನರು ನಕ್ಕರು. “ಇದು ಗೋಡೆಗೆ ಹಾಕೋ ಪಿಂಗಾಣಿ ಫ್ಯೂಸು ಕಣೇ. ಗಾಡಿಗೆ ಅಂತ ಹೇಳ್ಬಾರ್ದಾ?”

“ನಮಗೆ ಮನೆ ಬೇರೆ, ಗಾಡಿ ಬೇರೆ ಇದ್ಯಾ?”

ಸುಟ್ಟದ್ದನ್ನೇ ಕೈಯಲ್ಲಿ ಹಿಡಿದು ಮತ್ತೆ ಹೋದೆ. ಅಂಗಡಿಯವನು ಅದೇ ಆಕಾರದ ಇನ್ನೊಂದನ್ನು ಮುಂದಿಟ್ಟ. ನನ್ನ ಓದು ಅಷ್ಟಕ್ಕಷ್ಟೆ, ಆದರೆ ಅಂಕಿ ಬರುತ್ತದೆ. ನಮ್ಮದರ ಮೇಲೆ ಹನ್ನೆರಡು, ಅವನದರ ಮೇಲೆ ಆರು.

“ಎಲ್ಲಾ ಒಂದೇ ತಗೊಳಮ್ಮ, ನಡೀತದೆ.”

“ನಡೀತದೆ, ಸಂಜೆ ಗಂಟ. ನಾಳೆ ಇದೂ ಸುಟ್ಟೋದ್ರೆ ನನ್ನ ಮೊಮ್ಮಗಳನ್ನ ಗೌರಿಬಿದನೂರಿಂದ ನೀನು ತಂದ್ಕೊಡ್ತೀಯಾ? ಹನ್ನೆರಡು ವೋಲ್ಟಿಂದು ತೆಗಿ.”

ಗೊಣಗುತ್ತಾ ಅಟ್ಟ ಹತ್ತಿದ. ಇತ್ತು. (ಇಲ್ಲದೆ ಎಲ್ಲಿ ಹೋಗುತ್ತದೆ?)

ಯಜಮಾನರು ಅದನ್ನು ಕೂರಿಸಿ, ಹ್ಯಾಂಡಲ್ ತಿರುಗಿಸಿ ಗಾಡಿ ಸ್ಟಾರ್ಟ್ ಮಾಡಿದರು. ಬಾಣಂತಿ, ಮಗು, ಜೊತೆಗೆ ಬೀಗಿತ್ತಿ, ಎಲ್ಲರೂ ಶಿಡ್ಲಘಟ್ಟಕ್ಕೆ ಅದರಲ್ಲೇ ಬಂದೆವು. ದಾರಿಯುದ್ದಕ್ಕೂ ಬ್ಯಾಟರಿ ಚಾರ್ಜ್ ಆಯಿತು. ಕತ್ತಲಾಗುವ ಹೊತ್ತಿಗೆ ಅವರು ಎಂಜಿನ್ ನಿಲ್ಲಿಸಿದರು, ನಾನು ಸ್ವಿಚ್ ಹಾಕಿದೆ.

ಬಲ್ಬು ಉರಿಯಿತು. ಮಗು ಬೆಳಕನ್ನು ಬೈಯುವವಳ ಹಾಗೆ ಮುಖ ಸಿಂಡರಿಸಿದಳು. ನಾನು ಹಿಗ್ಗಿ ಹೀರೇಕಾಯಿಯಾದೆ.

ಬೀಗಿತ್ತಿ ಬಲ್ಬು ನೋಡಿದರು. ಒಲೆ ನೋಡಿದರು. “ಸರಿ, ಇಲ್ಲೇ ಇರ್ಲಿ ಬಿಡಿ. ಆದ್ರೆ ನಾಮಕರಣಕ್ಕೆ ನಮ್ಮನೆಗೆ ಕಳಿಸ್ಬೇಕು.”

“ಕಳಿಸೋದ್ಯಾಕೆ? ಮನೆ ಸಮೇತ ನಾವೇ ಬರ್ತೀವಿ.”

ಗಾಡಿಯಲ್ಲಿ ಸಂಸಾರವೇ ಎಂದು ಮೂಗು ಮುರಿಯುವವರೇ, ನಿಮ್ಮ ಮನೆ ನಿಮ್ಮ ಜೊತೆ ಬೀಗರ ಊರಿಗೆ ಬರುತ್ತದೆಯೇ?