ಕಣ್ಣಿಗೊತ್ತಿಕೊಂಡ ಬಿಲ್ಲೆ

ನನ್ನ ಕೆಲಸ ಗೀರುವುದು. ದೊಡ್ಡಬಳ್ಳಾಪುರದ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆಯಲ್ಲಿ ಉಕ್ಕಿನ ಬಿಡಿಭಾಗಗಳಿಗೆ ಇಂಗಾಲದ ಗಟ್ಟಿ ಲೇಪ ಕೂರಿಸುತ್ತೇವೆ. ಲೇಪ ಉಕ್ಕನ್ನು ಎಷ್ಟು ಬಿಗಿಯಾಗಿ ಕಚ್ಚಿಕೊಂಡಿದೆ ಎಂದು ತಿಳಿಯಲು ಪ್ರತಿ ಬ್ಯಾಚಿನ ಜೊತೆ ತೊಳೆದು ಒಣಗಿಸಿದ ಒಂದು ಉಕ್ಕಿನ ಬಿಲ್ಲೆಯನ್ನೂ ಲೇಪದ ಯಂತ್ರದ ಒಳಗಿಡುತ್ತಾರೆ. ಆಮೇಲೆ ಅದರ ಮೇಲೆ ವಜ್ರದ ಮೊನೆಯಿಂದ, ಭಾರ ಏರಿಸುತ್ತಾ, ನಾನು ಗೀರೆಳೆಯುತ್ತೇನೆ. ಎಷ್ಟು ಭಾರಕ್ಕೆ ಲೇಪ ಎದ್ದಿತೋ ಬರೆಯುತ್ತೇನೆ. ವರ್ಷಗಟ್ಟಲೆ ಇದೇ. ಸಾಕಾಗಿದೆ.

ಒಮ್ಮೆ ಬಿಲ್ಲೆ ಒಳಗಿಡುತ್ತಿದ್ದವರು ಕೆಲಸ ಬಿಟ್ಟಿದ್ದರಿಂದ ಅದೂ ನನ್ನ ತಲೆಗೇ ಬಂತು. ಆಗಿನಿಂದ ದಿನದ ಮೊದಲ ಬಿಲ್ಲೆ ಫೇಲಾಗತೊಡಗಿತು. ಅರ್ಧ ಭಾರಕ್ಕೇ ಲೇಪ ಹೆಂಚಿನ ಮೇಲಿನ ದೋಸೆಯ ಅಂಚಿನಂತೆ ಏಳುತ್ತಿತ್ತು. "ತೊಳೆದಿದ್ದು ಸಾಲದು" ಎಂದು ಬರೆದೆ. ಮತ್ತೆ ಮತ್ತೆ ಅದನ್ನೇ ಬರೆದೆ. ತೊಳೆಯುವ ಹೆಂಗಸು ಇಲ್ಲೇ ಹತ್ತಿರದ ವಿಜಯಪುರದಿಂದ ಬಸ್ಸಿನಲ್ಲಿ ಬರುವಾಕೆ, ಮೊದಲು ರೇಷ್ಮೆ ನೂಲು ಬಿಚ್ಚುತ್ತಿದ್ದವಳು. ಉಜ್ಜಿ ಉಜ್ಜಿ ಆಕೆಯ ಬೆರಳು ಬಿರಿದವು. ಇನ್ನೊಂದು ಸಲ ಲೇಪ ಎದ್ದರೆ ಆಕೆ ಬರುವುದು ಬೇಡ ಎಂದರು ಮಾಲೀಕರು. ನನಗೆ ಅಯ್ಯೋ ಅನ್ನಿಸಿತು. ಅಷ್ಟೇ, ಮುಂದೆ ಯೋಚಿಸಲು ತ್ರಾಣವಿರಲಿಲ್ಲ.

ಅಷ್ಟರಲ್ಲಿ ನನಗೆ ಮದ್ರಾಸ್ ಐ ಬಂತು. ಕಪ್ಪು ಕನ್ನಡಕ ಹಾಕಿಕೊಂಡೇ ದುಡಿದೆ. ಆ ವಾರ ಎಲ್ಲ ಬಿಲ್ಲೆಗಳೂ ಪಾಸು. "ಬೈದಿದ್ದಕ್ಕೆ ಬುದ್ಧಿ ಬಂತು ನೋಡ್ರಿ" ಎಂದರು ಮಾಲೀಕರು. ನಾನೂ ತಲೆಯಾಡಿಸಿದೆ.

ಸೋಮವಾರ ಕಣ್ಣು ವಾಸಿಯಾಗಿತ್ತು. ಮೊದಲ ಬಿಲ್ಲೆಯ ಲೇಪ ಮತ್ತೆ ಎದ್ದಿತು. ಬರೆಯಲು ಪೆನ್ನು ತೆಗೆದವನಿಗೆ ಬೆಳಗಿನದು ನೆನಪಾಯಿತು. ತೊಳೆದ ಬಿಲ್ಲೆಯನ್ನು ಒಳಗಿಡುವ ಮುಂಚೆ ಗ್ಲೌಸ್ ಬಿಚ್ಚಿ, ಅಂಗಡಿಯವರು ಬೋಣಿಯ ನೋಟನ್ನು ಒತ್ತಿಕೊಳ್ಳುವ ಹಾಗೆ, ಎರಡೂ ಕಣ್ಣಿಗೆ ಒತ್ತಿಕೊಂಡಿದ್ದೆ. ದಿನದ ಮೊದಲ ಕೆಲಸಕ್ಕೆ ಒಂದು ನಮಸ್ಕಾರ ಬೇಡವೇ? ಗ್ಲೌಸ್ ಹಾಕಿಕೊಂಡು ನಮಸ್ಕಾರ ಮಾಡುವುದುಂಟೇ? ಕಣ್ಣುಬೇನೆಯ ವಾರ ಮಾತ್ರ ಡಾಕ್ಟರು ಕಣ್ಣು ಮುಟ್ಟಬೇಡಿ ಅಂದಿದ್ದರಿಂದ ಅದನ್ನು ಬಿಟ್ಟಿದ್ದೆ. ನನ್ನ ಬೆವರು, ನನ್ನ ಮುಖದ ಜಿಡ್ಡು. ಅದರ ಮೇಲೆ ಲೇಪ ಹೇಗೆ ತಾನೇ ಕಚ್ಚೀತು! ನಾಚಿಕೆಯಿಂದ ಕುಗ್ಗಿಹೋದೆ.

ಮಾಲೀಕರಿಗೆ ಇದ್ದದ್ದು ಇದ್ದಹಾಗೆ ಹೇಳಿ, ತೊಳೆಯುವ ತೊಟ್ಟಿಯ ಹತ್ತಿರ ಹೋದೆ.

"ತಪ್ಪು ನಂದು ಕಣಮ್ಮ. ಬಿಲ್ಲೇನ ಕಣ್ಣಿಗೊತ್ಕೊಳ್ತಿದ್ದೆ, ಅದಕ್ಕೇ ಏಳ್ತಿತ್ತು" ಅಂದೆ.

ಆಕೆ ಉಜ್ಜುವುದನ್ನು ನಿಲ್ಲಿಸಲಿಲ್ಲ. "ನಂಗೊತ್ತಿತ್ತು ಸಾರ್. ದಿನಾ ನೋಡ್ತಿದ್ನಲ್ಲ."

"ಮತ್ಯಾಕೆ ಹೇಳ್ಲಿಲ್ಲ?"

"ಯಾರಿಗೇಳ್ಲಿ ಸಾರ್? ಬರೆಯೋರು ನೀವೇ ಅಲ್ವಾ."