ರಾಷ್ಟ್ರಪತಿಗಳ ಹೆಸರಿನಲ್ಲಿ ಮೂರು ಕೂಗು

ಬೀಗ ಹಾಕಿದ ಮೇಲೆ ಒಮ್ಮೆ ಎಳೆದು ನೋಡುವುದು ಎಲ್ಲರೂ ಮಾಡುವ ಕೆಲಸ. ನಾನು ಬಸ್‌ಸ್ಟಾಂಡಿನವರೆಗೆ ಹೋಗಿ, ವಾಪಸು ಬಂದು, ಇನ್ನೊಮ್ಮೆ ಎಳೆದು ನೋಡುವವನು. ನನ್ನ ಹೆಂಡತಿ ಇದನ್ನು ಕಾಯಿಲೆ ಅನ್ನುತ್ತಾಳೆ. ನಾನು ಅನುಭವ ಅನ್ನುತ್ತೇನೆ. ಒಂದು ಸಂಜೆ ಒಂದೇ ಒಂದು ಸಲ ಕಡಿಮೆ ಕೂಗಿದ್ದಕ್ಕೆ ಒಬ್ಬ ಹೆಂಗಸಿನ ಮನೆ ಹೋಗುವುದರಲ್ಲಿತ್ತು. ಕೂಗಿದವನು ನಾನು. ಕೂಗಿದ್ದು ಭಾರತದ ರಾಷ್ಟ್ರಪತಿಗಳ ಹೆಸರಿನಲ್ಲಿ.

ತೊಂಬತ್ತನೇ ಇಸವಿ, ದೀಪಾವಳಿಗೆ ಮುಂಚಿನ ವಾರ. ಬೆಂಗಳೂರಿನಲ್ಲಿ ಕುರ್ಚಿಯ ಗಲಾಟೆ ಕೈಮೀರಿ ರಾಜ್ಯಕ್ಕೆ ರಾಷ್ಟ್ರಪತಿ ಆಳ್ವಿಕೆ ಬಂದಿತ್ತು. ಅದು ಇದ್ದದ್ದು ಒಂದೇ ವಾರ, ಈಗ ಎಷ್ಟೋ ಜನಕ್ಕೆ ನೆನಪೂ ಇಲ್ಲ. ನಾನಾಗ ನಾಗಮಂಗಲ ತಾಲ್ಲೂಕಿನಲ್ಲಿ ಗ್ರಾಮಲೆಕ್ಕಿಗ. ಆ ಸರ್ಕಲ್ಲಿಗೆ ಬಂದು ಮೂರು ತಿಂಗಳಾಗಿತ್ತು, ನನ್ನ ಪಾಲಿನ ಹನ್ನೆರಡು ಊರುಗಳ ದಾರಿ ಕೂಡ ಸರಿಯಾಗಿ ಗೊತ್ತಿರಲಿಲ್ಲ. ತಾಲ್ಲೂಕು ಕಚೇರಿಯ ಎದುರಿನ ಟೀ ಅಂಗಡಿಯಲ್ಲಿ ಆಗ ಅದೇ ಮಾತು.

"ರಾಷ್ಟ್ರಪತಿ ಆಳ್ವಿಕೆ ಅಂದ್ರೆ ಏನ್ಲಾ? ದಿಲ್ಲಿಯೋರು ಬಂದು ನಮ್ ನಾಗಮಂಗ್ಲದಲ್ಲಿ ಕುಂತ್ಕತಾರಾ?"

"ಬರಾಕಿಲ್ಲ ಕಣ್ಲಾ. ಅಲ್ಲಿಂದ್ಲೇ ಆಳ್ತಾರೆ. ಕಣ್ಣಿಗೆ ಕಾಣಾಕಿಲ್ಲ ಅಷ್ಟೇಯ."

"ಅಂಗಾರೆ ನಮ್ಮೂರ ಮುನೇಶ್ವರ ಇದ್ದಂಗೆ ಅನ್ನು."

"ಮುನೇಶ್ವರ ಕೋಳಿ ಕೊಟ್ರೆ ಸುಮ್ಕಾಯ್ತಾನೆ. ಇವ್ರಿಗೇನ್ ಕೊಟ್ಟೀಯ್ಲಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಟೀ ಅರ್ಧಕ್ಕೇ ಬಿಟ್ಟು ಎದ್ದೆ. ಅವತ್ತು ಬೆಳಿಗ್ಗೆ ನನ್ನ ಮೇಜಿಗೆ ಒಂದು ಆದೇಶ ಬಂದಿತ್ತು. ಸರ್ಕಾರದ ಆದೇಶಗಳ ಕೊನೆಯಲ್ಲಿ ಯಾವತ್ತೂ ಇರುತ್ತಿದ್ದ ಸಾಲು 'ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ' ಅಂತ. ಅದು ಎಷ್ಟು ಅಭ್ಯಾಸವಾಗಿತ್ತೆಂದರೆ ಯಾರೂ ಓದುತ್ತಿರಲಿಲ್ಲ. ಈ ಕಾಗದದಲ್ಲಿ ರಾಜ್ಯಪಾಲರು ಇದ್ದ ಜಾಗದಲ್ಲಿ ರಾಷ್ಟ್ರಪತಿಗಳು ಇದ್ದರು. ಬೆಂಗಳೂರಿನ ಯಾವುದೋ ಕೋಣೆಯಲ್ಲಿ ಯಾರೋ ಟೈಪು ಮಾಡಿದ್ದೆಂದು ಗೊತ್ತಿದ್ದರೂ, ಅಷ್ಟು ದೂರದಿಂದ ಅಷ್ಟು ದೊಡ್ಡವರು ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡೆ.

ಆದೇಶ ಬೇಚರಾಕು ಗ್ರಾಮಗಳದ್ದು. ಬೇಚರಾಕು ಅಂದರೆ ದೀಪ ಹಚ್ಚುವವರಿಲ್ಲದ ಊರು. ಪ್ಲೇಗಿನಲ್ಲೋ ಬರದಲ್ಲೋ ಜನ ಎದ್ದುಹೋಗಿ, ಹೆಸರು ಮಾತ್ರ ಕಡತದಲ್ಲಿ ಉಳಿದದ್ದು. ಅಂಥ ಊರಿನಲ್ಲಿ ಒಂದು ಕಾಲಕ್ಕೆ ಮನೆಗಳಿದ್ದ ಜಾಗ ಇನ್ನು ಮುಂದೆ ಸರ್ಕಾರದ ವಶ. ಅಲ್ಲಿ ಏನಾದರೂ ಕಟ್ಟಡವಿದ್ದರೆ ಒತ್ತುವರಿಯೆಂದು ತೆಗೆಸತಕ್ಕದ್ದು. ಯಾರೂ ವಾಸವಿಲ್ಲವೆಂದು ಸ್ಥಳದಲ್ಲಿ ಖಾತ್ರಿ ಮಾಡಿಕೊಂಡು ಮೂರು ದಿನದಲ್ಲಿ ವರದಿ ಕೊಡತಕ್ಕದ್ದು. ಪಟ್ಟಿಯಲ್ಲಿ ನನ್ನ ಪಾಲಿಗೆ ಬಂದದ್ದು ಪಾಂಡವಪುರ ತಾಲ್ಲೂಕಿನ ಗಡಿಗೆ ಅಂಟಿಕೊಂಡ ಒಂದು ಊರು.

ಖಾತ್ರಿ ಮಾಡಿಕೊಳ್ಳುವುದು ಹೇಗೆ ಅಂತ ನಮ್ಮ ರೆವಿನ್ಯೂ ಇನ್ಸ್‌ಪೆಕ್ಟರನ್ನು ಕೇಳಿದೆ. ಅವರು ನಿವೃತ್ತಿಯ ಅಂಚಿನಲ್ಲಿದ್ದ ಹಳೇ ಹುಲಿ.

"ದೀಪ ಹಚ್ಚೋ ಹೊತ್ಗೆ ಹೋಗು. ಊರಬಾಗಿಲಲ್ಲಿ ನಿಂತ್ಕೊಂಡು ಮೂರು ಸಲ ಕೂಗು. ಯಾರೂ ಓ ಅನ್ಲಿಲ್ಲ, ದೀಪಾನೂ ಕಾಣ್ಲಿಲ್ಲ ಅಂದ್ರೆ ಬರ್ಕೊಂಡು ಬಾ. ನಮ್ ಹಿಂದಿನೋರ ಕಾಲ್ದಿಂದ್ಲೂ ಹಿಂಗೇ ಕಣಯ್ಯ."

"ಮಧ್ಯಾಹ್ನ ಹೋದ್ರೆ ಆಗಲ್ವಾ ಸಾರ್?"

"ಮಧ್ಯಾಹ್ನ ಯಾವನಯ್ಯಾ ದೀಪ ಹಚ್ತಾನೆ? ರಾಷ್ಟ್ರಪತಿಗಳ ಪರವಾಗಿ ಕೂಗ್ತಿದ್ದೀಯ, ಗಂಟಲು ಸರಿಯಾಗಿ ಎತ್ತು."

ಮಹಜರಿಗೆ ಸಾಕ್ಷಿಗಳು ಬೇಕು. ಬಸ್ಸು ನಿಲ್ಲುವ ಪಕ್ಕದೂರಿನಲ್ಲಿ ಇಬ್ಬರನ್ನು ಹಿಡಿದು, ಅಲ್ಲಿ ಯಾರಾದರೂ ಇದ್ದಾರಾ ಅಂತ ಕೇಳಿದೆ. "ಕುರಿಯೋರು ಬತ್ತಾರೆ, ಓಯ್ತಾರೆ" ಅಂದರು. ಬನ್ನಿ ನೋಡೋಣ ಅಂದರೆ ಇಬ್ಬರೂ ಆಕಾಶ ನೋಡಿದರು. "ಈ ಹೊತ್ನಲ್ಲಾ? ನೀವ್ ಓಗ್ಬುಟ್ ಬನ್ನಿ ಸಾಮಿ. ರುಜು ತಾನೇ? ಈಗ್ಲೇ ಆಕ್ಕೊಟ್ಬುಡ್ತೀವಿ." ಹಾಗೆ, ನೋಡುವ ಮೊದಲೇ ಇಬ್ಬರು ನೋಡಿದ್ದಾಗಿ ರುಜು ಬಿತ್ತು.

ಮೂರು ಮೈಲಿ ನಡೆದೆ. ಊರಬಾಗಿಲು ಅಂದರೆ ಎರಡು ಕಲ್ಲುಕಂಬ, ಮೇಲಿನ ತೊಲೆ ಯಾವತ್ತೋ ಬಿದ್ದುಹೋಗಿತ್ತು. ಆಚೆ ಮೊಳಕಾಲೆತ್ತರದ ಮೋಟುಗೋಡೆಗಳ ಸಾಲು, ಬೀದಿ ಇದ್ದ ಕಡೆ ಇನ್ನೂ ಬೀದಿಯ ಆಕಾರ. ಅದರ ಹಿಂದೆ ಹುಣಸೆಮರಗಳು ಒತ್ತಾಗಿ ನಿಂತು ಮುಂದಿನದೇನೂ ಕಾಣುತ್ತಿರಲಿಲ್ಲ. ಒಂದು ಒಳಕಲ್ಲು ಬೀದಿಯ ನಡುವೆ ಇತ್ತು. ಅದರ ಗುಣಿಯಲ್ಲಿ ನೀರಿತ್ತು. ಮಳೆ ಬಂದು ಹದಿನೈದು ದಿನವಾಗಿತ್ತು.

"ಊರಲ್ಲಿ ಯಾರಿದ್ದೀರಿ?" ಅಂತ ಕೂಗಿದೆ. ದನಿ ಹುಣಸೆಮರಗಳವರೆಗೆ ಹೋಗಿ ಒಳಗೆ ಸೇರಿಕೊಂಡಿತು, ವಾಪಸು ಬರಲಿಲ್ಲ. ಎರಡನೇ ಸಲ ಕೂಗಿದೆ. ಹಕ್ಕಿಗಳ ಗಲಾಟೆ ನಿಂತಿತು. ಮೂರನೇ ಸಲ ಕೂಗಿದಾಗ ನನ್ನ ದನಿ ನನಗೇ ಬೇರೆಯವರದು ಅನ್ನಿಸಿತು. ಆ ಮೌನ ಯಾರೂ ಇಲ್ಲದ ಜಾಗದ ಮೌನವಾಗಿರಲಿಲ್ಲ. ಯಾರೋ ಉಸಿರು ಹಿಡಿದಿರುವ ಮೌನವಾಗಿತ್ತು.

ಆಗ ಬಂತು ವಾಸನೆ. ಹರಳೆಣ್ಣೆ ದೀಪವನ್ನು ಈಗತಾನೇ ಆರಿಸಿದರೆ ಬತ್ತಿಯಿಂದ ಏಳುತ್ತದಲ್ಲ, ಆ ಕಮಟು.

ಒಳಗೆ ಹೋಗಿ ನೋಡಬೇಕು ಅಂತ ನಿಯಮ ಇರಲಿಲ್ಲ. ನಾನು ನಿಯಮ ಮೀರುವವನಲ್ಲ. ಹೋದ ಮೂರು ಮೈಲಿಯನ್ನು ವಾಪಸು ಅರ್ಧ ಹೊತ್ತಿನಲ್ಲಿ ಮುಗಿಸಿದೆ. 'ಕೂಗಿಗೆ ಉತ್ತರ ಬಂದಿರುವುದಿಲ್ಲ. ದೀಪ ಕಂಡುಬಂದಿರುವುದಿಲ್ಲ' ಅಂತ ಬರೆದೆ. ಎರಡೂ ನಿಜ. ವಾಸನೆ ಬರೆಯಲು ಮಹಜರಿನಲ್ಲಿ ಜಾಗ ಇರುವುದಿಲ್ಲ.

ವರದಿ ಮೇಲಕ್ಕೆ ಹೋಯಿತು. ಅದರ ಬೆನ್ನಿಗೇ ರಾಷ್ಟ್ರಪತಿ ಆಳ್ವಿಕೆ ಮುಗಿದು ಹೊಸ ಸರ್ಕಾರ ಬಂತು. ನನ್ನ ಮೂಗಿನಿಂದ ಮಾತ್ರ ಆ ಕಮಟು ಹೋಗಲಿಲ್ಲ. ಹಬ್ಬಕ್ಕೆ ಪಾಲಹಳ್ಳಿಯ ನಮ್ಮ ಮನೆಗೆ ಹೊರಟವನು ಬೆಳಿಗ್ಗೆ ದಾರಿಯಲ್ಲೇ ಇಳಿದು ಮತ್ತೆ ಆ ಊರಿಗೆ ನಡೆದೆ. ಬಿಸಿಲಿದ್ದದ್ದರಿಂದ ಈ ಸಲ ಹುಣಸೆಮರಗಳ ಹಿಂದಕ್ಕೂ ಹೋಗುವ ಧೈರ್ಯ ಬಂತು.

ಅಲ್ಲಿ ಒಂದು ಹೆಂಚಿನ ಮನೆ, ಕೋಳಿಗಳು, ಗುಡಿಸಿದ ಅಂಗಳ. ನಲವತ್ತರ ಆಸುಪಾಸಿನ ಒಬ್ಬ ಹೆಂಗಸು ಬಗ್ಗಿ ಸಗಣಿ ಸಾರಿಸುತ್ತಿದ್ದಳು. "ಯಾರಮ್ಮಾ ಅಲ್ಲಿ?" ಅಂದೆ. ಅವಳ ಕೈಯಿಂದ ಚೆಂಬು ಬಿತ್ತು. ಎದ್ದು ಗೋಡೆಗೆ ಒರಗಿ ನಿಂತಳು. ನನ್ನ ಮುಖ ನೋಡಲಿಲ್ಲ, ಪಾದ ನೋಡಿದಳು. ನೆಟ್ಟಗಿವೆಯೋ ಹಿಂದುಮುಂದಾಗಿವೆಯೋ ಅಂತ.

"ಮೊನ್ನೆ ಸಂಜೆ ಮೂರು ಸಲ ಕೂಗ್ದೋನು ನೀನಾ?"

"ಹೌದಮ್ಮ. ತಾಲ್ಲೂಕು ಕಚೇರಿಯಿಂದ ಬಂದಿದ್ದೆ."

"ಮನ್ಸ ಆದೋನು ಮೂರಕ್ಕೆ ನಿಲ್ಲುಸ್ತಾನೇನಪ್ಪಾ? ಮೂರು ಸಲ ಕೂಗೋದು ಗಾಳಿ. ನಾಕ್ನೇ ಸಲ ಕೂಗುದ್ರೆ ಮನ್ಸ. ನಮ್ಮತ್ತೆ ಯೋಳ್ಕೊಟ್ಟಿದ್ದು. ನಾನು ದೀಪ ಆರುಸ್ಬುಟ್ಟು, ಬಾಯಿಗೆ ಸೆರಗು ತುರುಕ್ಕೊಂಡು ಎಣುಸ್ತಾ ಕುಂತಿದ್ದೆ. ನಾಕ್ನೇದು ಬರ್ನೇ ಇಲ್ಲ!"

ಅವಳ ಗಂಡ ಕುರಿ ಹೊಡೆದುಕೊಂಡು ಕೆ.ಆರ್. ಪೇಟೆ ಕಡೆ ಹೋಗಿದ್ದ, ರಾಗಿ ಕೊಯ್ಲಿಗೆ ಬರುತ್ತಿದ್ದ. ಪ್ಲೇಗಿಗೆ ಹೆದರಿ ಊರು ಬಿಟ್ಟವರಲ್ಲಿ ಅವನ ತಾತ ಒಬ್ಬನೇ ವಾಪಸು ಬಂದು ಈ ಮನೆ ಎಬ್ಬಿಸಿದ್ದ. ಮತದಾರರ ಪಟ್ಟಿಯಲ್ಲಿ ಅವರ ಹೆಸರು ಪಕ್ಕದೂರಿನಲ್ಲಿತ್ತು, ಹಾಗಾಗಿ ಕಡತದಲ್ಲಿ ಈ ಊರು ಕತ್ತಲೆಯಲ್ಲೇ ಉಳಿದಿತ್ತು. ನಾನು ಏನು ಬರೆದು ಕಳಿಸಿದ್ದೇನೆಂದು ಹೇಳಿದೆ.

"ಅಂಗಾರೆ ನಾನಿಲ್ಲ ಅಂತ ಬರ್ದಿದ್ದೀಯ?"

"ಊರಲ್ಲಿ ಯಾರೂ ಇಲ್ಲ ಅಂತ ಬರೆದಿದ್ದೀನಮ್ಮ."

"ಅದೇ ಆಯ್ತಲ್ಲಪ್ಪಾ." ಮನೆಯ ಕಡೆ ತಿರುಗಿ, "ಕೆಡವ್ತಾರಾ?" ಅಂದಳು.

ಹಬ್ಬ ಮುಗಿದ ಕೂಡಲೇ ಇನ್ಸ್‌ಪೆಕ್ಟರ ಹತ್ತಿರ ಹೋದೆ. "ವರದಿ ತಿದ್ದೋಣ ಸಾರ್" ಅಂದರೆ, "ಯಾರ ಮುಂದೆ ಇಟ್ಟು ತಿದ್ತೀಯ?" ಅಂದರು. "ಆದೇಶ ಮಾಡಿದೋರು ಈಗ ಆಳ್ತಿಲ್ಲ. ಈಗ ಆಳೋರು ಈ ಆದೇಶ ಮಾಡಿಲ್ಲ."

ನಮ್ಮ ತಂದೆಗೆ ಗೊತ್ತಿದ್ದ ಒಬ್ಬ ವಕೀಲರು ಶ್ರೀರಂಗಪಟ್ಟಣದಲ್ಲಿದ್ದರು, ಗಂಜಾಂನಲ್ಲಿ ಮನೆ. ಅವರ ಜಗಲಿಯ ಮೇಲೆ ಕೂತು, ಆಳ್ವಿಕೆಯೇ ಹೋದ ಮೇಲೆ ಆದೇಶವೂ ಹೋದಂತೆ ತಾನೇ ಅಂತ ಆಸೆಯಿಂದ ಕೇಳಿದೆ.

"ಹುಟ್ಟಿಸಿದೋರು ಹೋದ್ರೆ ಮಕ್ಳೂ ಹೋಗ್ತಾರೇನ್ರೀ? ಆ ವಾರ ಹೊರಟ ಆದೇಶಕ್ಕೆ ತಾನಾಗಿ ಸಾವಿಲ್ಲ. ಇನ್ನೊಂದು ಆದೇಶ ಬಂದು ಕೊಲ್ಲೋವರೆಗೂ ಅದು ಓಡಾಡ್ಕೊಂಡಿರುತ್ತೆ."

"ಹೊಸ ಸರ್ಕಾರದವರು ರದ್ದು ಮಾಡಲ್ವಾ?"

"ಯಾವ ಸರ್ಕಾರ ಆದ್ರೂ ಯಾಕೆ ಮಾಡುತ್ತೆ? ಮನೆ ಕೆಡವಿದ ಕೆಟ್ಟ ಹೆಸರು ಹಿಂದಿನೋರಿಗೆ, ಖಾಲಿಯಾದ ಜಾಗ ಮುಂದಿನೋರಿಗೆ." ಅವರು ನನ್ನ ಮುಖ ನೋಡಿ ನಕ್ಕರು. "ನೀವು ಭಯಸ್ಥರು ಅಂತ ಹಣೇಲೇ ಬರೆದಿದೆ. ಆ ಭಯಾನೇ ಕಾಗದದ ಮೇಲೆ ಬರೀರಿ. ನಿಮ್ಮ ಮೇಲಿನೋರೂ ಹೆದರ್ತಾರೆ."

ಅವರು ಹೇಳಿದಂತೆ ಬರೆದೆ. ರಾಷ್ಟ್ರಪತಿಗಳ ಹೆಸರಿನ ಆದೇಶದ ಮೇರೆಗೆ ಕೊಟ್ಟ ವರದಿಯನ್ನು ರಾಜ್ಯಪಾಲರ ಹೆಸರಿನಲ್ಲಿ ಆಡಳಿತ ನಡೆಯುವಾಗ ತಿದ್ದಬಹುದೇ? ತಿದ್ದುವ ಅಧಿಕಾರ ಯಾರದು? ವಾಸವಿರುವ ಮನೆಯನ್ನು ಅಧಿಕಾರವಿಲ್ಲದೆ ತೆಗೆಸಿದರೆ ಹೊಣೆ ಯಾರದು? ಸ್ಪಷ್ಟನೆ ಬರುವವರೆಗೆ ಮುಂದಿನ ಕ್ರಮ ತಡೆಹಿಡಿಯಲಾಗಿದೆ. ಆ ಕಾಗದ ಮೇಲಕ್ಕೆ ಹೋಯಿತು, ಅಲ್ಲಿಂದ ಇನ್ನೂ ಮೇಲಕ್ಕೆ ಹೋಯಿತು. ಉತ್ತರ ಕೊಡುವ ಧೈರ್ಯ ಯಾರಿಗೂ ಬರಲಿಲ್ಲ. ನನ್ನ ಜೀವಮಾನದಲ್ಲಿ ನನ್ನ ಅಂಜುಬುರುಕತನದಿಂದ ಯಾರಿಗಾದರೂ ಉಪಕಾರವಾಗಿದ್ದರೆ ಅದೊಂದೇ.

ಆದರೆ ವರ್ಷಕ್ಕೊಮ್ಮೆ, ದೀಪಾವಳಿ ಹತ್ತಿರ ಬಂದಾಗ, 'ಸದ್ಯದ ಸ್ಥಿತಿ ತಿಳಿಸಿ' ಅಂತ ಮೇಲಿನಿಂದ ಒಂದು ಜ್ಞಾಪನ ಬರುತ್ತಿತ್ತು. ನಾನು ಅದೇ ಹೊತ್ತಿಗೆ ಹೋಗಿ, ಅದೇ ಕಂಬಗಳ ನಡುವೆ ನಿಂತು, ನಾಲ್ಕು ಸಲ ಕೂಗುತ್ತಿದ್ದೆ. ನಾಲ್ಕನೆಯದಕ್ಕೆ ಅವಳು "ಓ" ಅನ್ನುತ್ತಿದ್ದಳು. 'ಉತ್ತರ ಬಂದಿದೆ, ದೀಪ ಕಂಡಿದೆ' ಅಂತ ಬರೆದು ಅವಳು ಕೊಟ್ಟ ಮಜ್ಜಿಗೆ ಕುಡಿದು ಬರುತ್ತಿದ್ದೆ.

ಎರಡನೇ ವರ್ಷವೋ ಮೂರನೆಯದೋ, ಮಜ್ಜಿಗೆ ಕೊಡುತ್ತಾ ಅವಳು ಅಂದಳು: "ನೆನ್ನೆ ಯಾಕಪ್ಪಾ ಮೂರಕ್ಕೇ ನಿಲ್ಸಿ ಒಂಟೋದೆ?"

"ನಿನ್ನೆ ನಾನು ಬಂದಿಲ್ಲಮ್ಮ. ಪಾಂಡವಪುರದಲ್ಲಿದ್ದೆ."

"ನಿನ್ ದನೀನೇಯ. 'ಊರಲ್ಲಿ ಯಾರಿದ್ದೀರಿ' ಅಂತ. ನಮ್ ಕಡೆಯೋರು ಅಂಗೆ ಪುಸ್ತಕ ಓದ್ದಂಗೆ ಕೂಗಾಕಿಲ್ಲ." ನನ್ನ ಮುಖ ನೋಡಿ ಅವಳು ಮಜ್ಜಿಗೆಯ ಚೆಂಬು ಕೆಳಗಿಟ್ಟಳು. ಆಮೇಲೆ, "ಓದ್ವರ್ಸಾನೂ ಅಂಗೇ ಆಯ್ತು. ನೀನೇ ಅನ್ಕೊಂಡಿದ್ದೆ. ನಾಕ್ನೇದು ಬರ್ನಿಲ್ಲ, ಅದ್ಕೇ ಓ ಅನ್ನಿಲ್ಲ" ಅಂದಳು.

ಮುಂದಿನ ವರ್ಷ ಅವಳ ಗಂಡ ಮನೆಯಲ್ಲಿದ್ದ. ಅವನೂ ಕೇಳಿಸಿಕೊಂಡ. ರೊಪ್ಪದಲ್ಲಿ ಮಲಗಿದ್ದ ಕುರಿಗಳೆಲ್ಲ ಒಟ್ಟಿಗೇ ಎದ್ದು ಊರಬಾಗಿಲ ಕಡೆ ತಿರುಗಿ ನಿಂತವಂತೆ. ನಾನು ಇದನ್ನು ವಕೀಲರಿಗೆ ಹೇಳಿದೆ. ಯಾರಾದರೂ ಬಲ್ಲವರು ನಗಲಿ, ನನ್ನ ಭಯ ಇಳಿಯಲಿ ಅಂತ. ಅವರು ನಕ್ಕರು. "ನಾನು ಹೇಳ್ಲಿಲ್ವೇನ್ರೀ, ಓಡಾಡ್ಕೊಂಡಿರುತ್ತೆ ಅಂತ." ಆದರೆ ನಗುತ್ತಲೇ ಎದ್ದು ಬೀದಿಬಾಗಿಲು ಹಾಕಿಕೊಂಡರು.

ದಶಕ ಮುಗಿಯುವ ಹೊತ್ತಿಗೆ, ಯಾರೂ ಕಾಯದಿದ್ದಾಗ, ಒಂದೇ ಹಾಳೆಯ ಆದೇಶ ಬಂತು. ಸದರಿ ಗ್ರಾಮದಲ್ಲಿ ಜನವಸತಿ ಇರುವುದರಿಂದ ಪಟ್ಟಿಯಿಂದ ಕೈಬಿಡಲಾಗಿದೆ. ಕೊನೆಯಲ್ಲಿ ಮೊದಲಿನಂತೆ ರಾಜ್ಯಪಾಲರ ಹೆಸರಿನ ಸಾಲೇ ಇತ್ತು. ನಾಲ್ಕು ಸಲ ಓದಿದೆ. ಅವತ್ತೇ ಸಂಜೆ ಅವಳ ಅಂಗಳದಲ್ಲಿ ನಿಂತು ಗಟ್ಟಿಯಾಗಿ ಐದನೇ ಸಲ ಓದಿದೆ.

"ಅಂಗಾರೆ ಮನೆ ನಮ್ದೇಯಾ?"

"ನಿಮ್ಮದೇ ಅಮ್ಮ. ಇನ್ನು ಯಾರೂ ಮುಟ್ಟೋ ಹಂಗಿಲ್ಲ."

ಅವಳು ಗೋಡೆಯ ಮೇಲೆ ಅಂಗೈ ಇಟ್ಟು ನಿಂತಳು. ಆಮೇಲೆ ಕೇಳಿದಳು, "ಆ ಕೂಗು ನಿಲ್ತದಾ?"

"ಅದರ ಬಗ್ಗೆ ಇದರಲ್ಲಿ ಏನೂ ಹೇಳಿಲ್ಲಮ್ಮ."

"ಮೊದುಲ್ನೇ ದಿನ ಮೂರಕ್ಕೆ ನಿಲ್ಸಿದ್ಯಲ್ಲ, ಅದ್ರ ನಾಕ್ನೇದು ಅಂಗೇ ಉಳ್ಕಂಡದೆ. ಆಮ್ಯಾಕೆ ಕೂಗಿದ್ದೆಲ್ಲ ಬ್ಯಾರೆ. ಓಗಿ ಅದೊಂದ್ ಕೂಗ್ಬುಡಪ್ಪಾ."

ನಲವತ್ತಕ್ಕೆ ಹತ್ತಿರವಾಗುತ್ತಿದ್ದ ಸರ್ಕಾರಿ ನೌಕರ ನಾನು. ಕಾಗದವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಊರಬಾಗಿಲಿಗೆ ಹೋದೆ. ಕಂಬಗಳ ನಡುವೆ ನಿಂತು ಉಸಿರು ಎಳೆದುಕೊಂಡೆ. "ಊರಲ್ಲಿ ಯಾರಿದ್ದೀರಿ?" ಅನ್ನುವುದು ಸ್ಪಷ್ಟವಾಗಿ ಕೇಳಿಸಿತು. ಹುಣಸೆಮರಗಳ ಹಿಂದಿನಿಂದ, "ಓ, ಇದ್ದೀವಿ!" ಅಂತ ಅವಳ ದನಿ ಬಂತು. ದೀಪವನ್ನು ತಲೆಯೆತ್ತರಕ್ಕೆ ಎತ್ತಿ ಹಿಡಿದದ್ದೂ ಕಂಡಿತು. ಕೆಲಸ ಮುಗಿಯಿತು ಅಂದುಕೊಂಡೆ. ಆಗ ಗೊತ್ತಾಯಿತು, ನಾನು ಎಳೆದುಕೊಂಡಿದ್ದ ಉಸಿರು ಇನ್ನೂ ನನ್ನ ಎದೆಯಲ್ಲೇ ಇದೆ ಅಂತ.

ಮಾರನೇ ವರ್ಷ ದೀಪಾವಳಿಯ ವಾರ ಅವಳ ಗಂಡ ನಾಗಮಂಗಲದ ಸಂತೆಯಲ್ಲಿ ಸಿಕ್ಕಿದ. "ಈ ಸಲ ಯಾರೂ ಕೂಗ್ನಿಲ್ಲ ಸಾಮಿ, ನಿಮ್ ಪುಣ್ಯ" ಅಂದ. ನಾನು ತಲೆಯಾಡಿಸಿ ಕೈಮುಗಿದೆ. ಆ ವಾರವಿಡೀ ನನಗೆ ಗಂಟಲು ಕಟ್ಟಿ ದನಿಯೇ ಹೊರಡುತ್ತಿರಲಿಲ್ಲ. ಅದನ್ನು ಅವನಿಗೆ ಹೇಳುವುದು ಹೇಗೆ?